ಓಟಗಾರ ಕಂಡ, ಓಟ ಕಾಣಲಿಲ್ಲ
ಸ್ಫೂರ್ತಿಯ ಸಿದ್ಧ ಸೂತ್ರ ಮತ್ತು ‘ಭಾಗ್ ಮಿಲ್ಖಾ ಭಾಗ್’ ಚಿತ್ರದ ಕೊರತೆಗಳು

ಕ್ರೀಡೆಯನ್ನು ವಸ್ತುವಾಗಿ ಉಳ್ಳ ಚಲನಚಿತ್ರಗಳಲ್ಲಿ ಓಟದ ಚಿತ್ರಕ್ಕೆ ಇತರ ಆಟಗಳ ಚಿತ್ರಗಳಿಗೆ ಇಲ್ಲದ ಒಂದು ತೊಡಕು ಹುಟ್ಟಿನಿಂದಲೇ ಇರುತ್ತದೆ. ಕ್ರಿಕೆಟ್, ಹಾಕಿ, ಕುಸ್ತಿಗಳಲ್ಲಿ ಆಟದೊಳಗೇ ಏರಿಳಿತಗಳಿದ್ದು, ಎದುರಾಳಿಯ ಒಂದು ನಡೆಗೆ ನಾಯಕ ಮತ್ತೊಂದು ನಡೆಯಿಂದ ಉತ್ತರಿಸುವುದರಿಂದ ಕಥೆಯು ಮೈದಾನದಲ್ಲಿಯೇ ಬೆಳೆಯುತ್ತದೆ. ಆದರೆ 400 ಮೀಟರ್ ಓಟವು ಮುಕ್ಕಾಲು ನಿಮಿಷದಲ್ಲಿ ಮುಗಿದುಹೋಗುವುದಲ್ಲದೆ, ಆ ಅವಧಿಯಲ್ಲಿ ಓಟಗಾರನು ಕೈಗೊಳ್ಳುವ ನಿರ್ಧಾರಗಳೆಲ್ಲ ಅವನ ಮೈಯೊಳಗೇ ನಡೆಯುವುದರಿಂದ ನೋಡುಗನ ಕಣ್ಣಿಗೆ ಬೀಳುವುದು ಒಂದೇ ಸಮನೆ ಚಲಿಸುವ ಕೈಕಾಲುಗಳು ಮಾತ್ರ. ಈ ಕೊರತೆಯನ್ನು ತುಂಬಿಕೊಳ್ಳಲು ಚಿತ್ರಕಥೆಗಾರರು ಟ್ರ್ಯಾಕಿನ ಹೊರಗಿನಿಂದ ಕಥೆಯನ್ನು ತರುತ್ತಾರೆ: ಬಾಲ್ಯದ ಗಾಯ, ಬಡತನ, ಕೈಗೂಡದ ಪ್ರೇಮ, ಬಾಯಿ ಬಿರುಸಾದರೂ ಮನಸ್ಸು ಮೃದುವಾದ ಗುರು, ದೇಶದ ಧ್ವಜ. ಹೀಗೆ ಹೊರಗಿನಿಂದ ತಂದ ಸಾಮಗ್ರಿಯು ಕಾಲಕ್ರಮದಲ್ಲಿ ಒಂದು ಸಿದ್ಧ ಸೂತ್ರವಾಗಿ ಗಟ್ಟಿಯಾಗಿದ್ದು, ಓಟವನ್ನು ಅರ್ಥ ಮಾಡಿಸಲು ಬಂದ ಕಥೆಯೇ ಓಟವನ್ನು ಮರೆಮಾಡುವ ಹಂತಕ್ಕೆ ಬಂದಿದೆ. ರಾಕೇಶ್ ಓಂಪ್ರಕಾಶ್ ಮೆಹ್ರಾ ನಿರ್ದೇಶಿಸಿ, ಪ್ರಸೂನ್ ಜೋಶಿ ಬರೆದು, ಫರ್ಹಾನ್ ಅಖ್ತರ್ ನಟಿಸಿ, 2013ರ ಜುಲೈನಲ್ಲಿ ತೆರೆಕಂಡ ‘ಭಾಗ್ ಮಿಲ್ಖಾ ಭಾಗ್’ ಈ ಸೂತ್ರದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಪರಿಶೀಲಿಸಲು ಒದಗುವ ಅತ್ಯುತ್ತಮ ಭಾರತೀಯ ಉದಾಹರಣೆಯಾಗಿದೆ.

ಚಿತ್ರಕ್ಕೆ ದೊರೆತ ಮನ್ನಣೆ ಸಣ್ಣದಲ್ಲ. ಆರೋಗ್ಯಕರ ಮನರಂಜನೆ ಒದಗಿಸಿದ ಜನಪ್ರಿಯ ಚಿತ್ರವೆಂದು ಅದು ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು; ಕೆಲವು ರಾಜ್ಯ ಸರ್ಕಾರಗಳು ಮನರಂಜನಾ ತೆರಿಗೆಯಿಂದ ವಿನಾಯಿತಿ ಕೊಟ್ಟವು; ಚಿತ್ರದ ಕಥಾನಾಯಕರಾದ 400 ಮೀಟರ್ ಓಟಗಾರ ಮಿಲ್ಖಾ ಸಿಂಗ್ ಅವರು ತಮ್ಮ ಬದುಕಿನ ಕಥೆಯನ್ನು ಕೇವಲ ಒಂದು ರೂಪಾಯಿಗೆ ಕೊಟ್ಟಿದ್ದರೆಂಬ ಸಂಗತಿ ಚಿತ್ರದ ಸುತ್ತ ಗೌರವದ ಪ್ರಭೆಯನ್ನೇ ಹಬ್ಬಿಸಿತು. ದೇಶ ವಿಭಜನೆಯ ದಿನಗಳ ದೃಶ್ಯಗಳಲ್ಲಿ, ಅಕ್ಕನ ಪಾತ್ರದಲ್ಲಿ ದಿವ್ಯಾ ದತ್ತಾ ತೋರಿದ ಸಂಯಮದಲ್ಲಿ, ಹಾಲು ಮತ್ತು ಮೊಟ್ಟೆಯ ಆಸೆಗೆ ಓಡಲು ಮುಂದಾಗುವ ಸಿಪಾಯಿಗಳ ಪ್ರಸಂಗದಲ್ಲಿ ನಿಜವಾದ ಸತ್ವವಿದೆ. ಆದ್ದರಿಂದಲೇ, ಮೂರು ಗಂಟೆಗೂ ಮೀರಿದ ಈ ಚಿತ್ರವನ್ನು ನೋಡಿ ಮುಗಿಸಿದ ಪ್ರೇಕ್ಷಕನಿಗೆ 400 ಮೀಟರ್ ಓಟದ ಬಗ್ಗೆ ಮೊದಲಿಗಿಂತ ಹೆಚ್ಚೇನೂ ತಿಳಿದಿರುವುದಿಲ್ಲ ಎಂಬುದು ಗಂಭೀರವಾಗಿ ವಿಚಾರಿಸಬೇಕಾದ ಸಂಗತಿಯಾಗುತ್ತದೆ.

ಸೂತ್ರದ ಮೂಲ

ಇಂದು ಓಟದ ಚಿತ್ರವೆಂದರೆ ಮನಸ್ಸಿಗೆ ಬರುವ ರೂಪವನ್ನು ಬಹುಮಟ್ಟಿಗೆ ಕಟ್ಟಿಕೊಟ್ಟದ್ದು ಹ್ಯೂ ಹಡ್ಸನ್ ನಿರ್ದೇಶನದ, 1981ರ ಬ್ರಿಟಿಷ್ ಚಿತ್ರ ‘ಚಾರಿಯಟ್ಸ್ ಆಫ್ ಫೈರ್’. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹೆರಾಲ್ಡ್ ಅಬ್ರಹಾಮ್ಸ್ ಮತ್ತು ಎರಿಕ್ ಲಿಡೆಲ್ ಅವರನ್ನು ಕುರಿತ ಈ ಚಿತ್ರವು ಅತ್ಯುತ್ತಮ ಚಿತ್ರ ಸೇರಿದಂತೆ ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಕಡಲ ತೀರದಲ್ಲಿ ಬಿಳಿಯುಡುಪಿನ ಯುವಕರು ವ್ಯಾಂಜೆಲಿಸ್ ಸಂಯೋಜಿಸಿದ ಸಂಗೀತಕ್ಕೆ ನಿಧಾನಗತಿಯಲ್ಲಿ ಓಡುವ ದೃಶ್ಯವು, ಅಂದರೆ ಕ್ಯಾಮೆರಾದಲ್ಲಿ ಹೆಚ್ಚು ವೇಗವಾಗಿ ಸೆರೆಹಿಡಿದು ತೆರೆಯ ಮೇಲೆ ಕಾಲವನ್ನು ಹಿಗ್ಗಿಸಿ ತೋರಿಸುವ ‘ಸ್ಲೋ ಮೋಷನ್’ ತಂತ್ರದ ಆ ಪ್ರಯೋಗವು, ಅಲ್ಲಿಂದ ಮುಂದೆ ಬಂದ ಓಟದ ಚಿತ್ರಗಳಿಗೆಲ್ಲ ಮೇಲ್ಪಂಕ್ತಿಯಾಯಿತು.

ಆ ಚಿತ್ರವೂ ಇತಿಹಾಸವನ್ನು ತನಗೆ ಬೇಕಾದಂತೆ ಬಗ್ಗಿಸಿಕೊಂಡಿತ್ತು. ಧರ್ಮನಿಷ್ಠನಾದ ಲಿಡೆಲ್ ಭಾನುವಾರ ಓಡಲಾರನೆಂಬ ಬಿಕ್ಕಟ್ಟು ಹಡಗು ಹತ್ತುವ ಗಳಿಗೆಯಲ್ಲಿ ಎದುರಾದಂತೆ ಅಲ್ಲಿ ತೋರಿಸಲಾಗಿದೆಯಾದರೂ, ವಾಸ್ತವದಲ್ಲಿ ಓಟದ ವೇಳಾಪಟ್ಟಿ ತಿಂಗಳುಗಳ ಮೊದಲೇ ತಿಳಿದಿದ್ದುದರಿಂದ ಲಿಡೆಲ್ 100 ಮೀಟರನ್ನು ಬಿಟ್ಟು 400 ಮೀಟರಿಗೆ ಸಾವಧಾನವಾಗಿ ಸಿದ್ಧತೆ ನಡೆಸಿದ್ದರು. ಹಾಗಿದ್ದರೂ ಆ ಚಿತ್ರದಲ್ಲಿ ಒಂದು ಸಾಮಾಜಿಕ ವಾಗ್ವಾದವಿತ್ತು: ಯೆಹೂದಿಯಾದ ಅಬ್ರಹಾಮ್ಸ್ ಕಡೆಗೆ ಕೇಂಬ್ರಿಡ್ಜ್‌ನ ಕುಲೀನರಿಗಿದ್ದ ಅಸಹನೆ, ಹಣ ಪಡೆದು ತರಬೇತಿ ಕೊಡುವ ಸ್ಯಾಮ್ ಮುಸಾಬಿನಿಯಂಥವರನ್ನು ಹವ್ಯಾಸಿ ಕ್ರೀಡೆಯ ಹೆಸರಿನಲ್ಲಿ ದೂರವಿಡುತ್ತಿದ್ದ ವರ್ಗಪ್ರಜ್ಞೆ, ಧರ್ಮಕ್ಕೂ ರಾಷ್ಟ್ರಕ್ಕೂ ನಡುವಿನ ತಿಕ್ಕಾಟ. ಅದನ್ನು ಅನುಕರಿಸಿದ ಬಹುಪಾಲು ಚಿತ್ರಗಳು ನಿಧಾನಗತಿಯನ್ನೂ ಸಂಗೀತವನ್ನೂ ಎತ್ತಿಕೊಂಡು ಈ ವಾಗ್ವಾದವನ್ನು ಅಲ್ಲಿಯೇ ಬಿಟ್ಟು ಬಂದವು.

ಸೋಲಿಗೆ ಒಂದೇ ಕಾರಣ

‘ಭಾಗ್ ಮಿಲ್ಖಾ ಭಾಗ್’ ಆರಂಭವಾಗುವುದು 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಅಂತಿಮ ಓಟದಿಂದ. ಮುನ್ನಡೆಯಲ್ಲಿರುವ ನಾಯಕನ ಕಣ್ಣ ಮುಂದೆ ಬಾಲ್ಯದ ಭೀಕರ ನೆನಪು ಹಾಯುತ್ತದೆ, ಅವನು ಹಿಂದಿರುಗಿ ನೋಡುತ್ತಾನೆ, ಪದಕ ಕೈತಪ್ಪುತ್ತದೆ. ಅಲ್ಲಿಂದ ಮುಂದಿನ ಇಡೀ ಚಿತ್ರವು ಆ ಹಿನ್ನೋಟದ ಕಾರಣವನ್ನು ವಿವರಿಸುವ ನೆನಪಿನ ಸರಣಿಯಾಗಿದ್ದು, ಲಾಹೋರಿನಲ್ಲಿ ಪಾಕಿಸ್ತಾನದ ಅಬ್ದುಲ್ ಖಾಲಿಕ್ ಎದುರಿನ ಗೆಲುವಿನಲ್ಲಿ ಆ ಗಾಯ ಮಾಯುವುದರೊಂದಿಗೆ ಕಥೆ ಮುಗಿಯುತ್ತದೆ. ವಿಭಜನೆಯ ಹಿಂಸೆಯಲ್ಲಿ ಹೆತ್ತವರನ್ನು ಕಳೆದುಕೊಂಡು, ದೆಹಲಿಯ ನಿರಾಶ್ರಿತರ ಶಿಬಿರದಲ್ಲಿ ದಿನ ನೂಕಿದ ಮನುಷ್ಯನ ಒಳಗಿನ ನೋವನ್ನು ಯಾರೂ ಅಲ್ಲಗಳೆಯಲಾರರು. ಪ್ರಶ್ನೆ ಇರುವುದು ಆ ನೋವನ್ನು ಒಂದು ಓಟದ ಫಲಿತಾಂಶಕ್ಕೆ ಏಕೈಕ ಕಾರಣವಾಗಿ ನಿಲ್ಲಿಸಿದ್ದರಲ್ಲಿ.

ರೋಮ್‌ನ ಓಟದ ಅಂಕಿಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಅಮೆರಿಕದ ಓಟಿಸ್ ಡೇವಿಸ್ ಮತ್ತು ಜರ್ಮನಿಯ ಕಾರ್ಲ್ ಕೌಫ್‌ಮನ್ ಇಬ್ಬರಿಗೂ 44.9 ಸೆಕೆಂಡು ದಾಖಲಾಗಿ, ಗುರಿ ಮುಟ್ಟಿದ ಕ್ಷಣದ ಛಾಯಾಚಿತ್ರವನ್ನು ಪರಿಶೀಲಿಸುವ ‘ಫೋಟೊ ಫಿನಿಷ್’ ವಿಧಾನದಿಂದ ಡೇವಿಸ್ ವಿಜೇತರೆಂದು ತೀರ್ಮಾನವಾಯಿತು. ಅದು ಹೊಸ ವಿಶ್ವದಾಖಲೆಯೂ ಆಗಿತ್ತು. ದಕ್ಷಿಣ ಆಫ್ರಿಕದ ಮಾಲ್ಕಂ ಸ್ಪೆನ್ಸ್ 45.5 ಸೆಕೆಂಡಿನಲ್ಲಿಯೂ ಮಿಲ್ಖಾ ಸಿಂಗ್ 45.6 ಸೆಕೆಂಡಿನಲ್ಲಿಯೂ ಓಡಿದರು. ವಿದ್ಯುನ್ಮಾನ ಗಣನೆಯಲ್ಲಿ ಮಿಲ್ಖಾ ಅವರ ಕಾಲ 45.73 ಸೆಕೆಂಡು, ಕಂಚಿನ ಪದಕಕ್ಕೂ ಅವರಿಗೂ ನಡುವೆ ಇದ್ದ ಅಂತರ ಸುಮಾರು ಒಂದು ಮೀಟರ್. 1952ರಿಂದ ಉಳಿದುಕೊಂಡಿದ್ದ 45.9 ಸೆಕೆಂಡಿನ ಒಲಿಂಪಿಕ್ ದಾಖಲೆಗಿಂತ ಆ ದಿನದ ಮೊದಲ ನಾಲ್ವರೂ ವೇಗವಾಗಿ ಓಡಿದ್ದರು. ಅಲ್ಲಿಯವರೆಗೆ ಜಗತ್ತು ಕಂಡಿದ್ದ ಅತ್ಯಂತ ವೇಗದ 400 ಮೀಟರ್ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದನ್ನು, ಮುಂದಿದ್ದವನು ಹಿಂದಿರುಗಿ ನೋಡಿ ಕಳೆದುಕೊಂಡ ಗೆಲುವೆಂದು ನಿರೂಪಿಸಿದಾಗ, ಉಳಿದ ಮೂವರು ಗಳಿಸಿದ್ದೇನೆಂಬುದು ಲೆಕ್ಕಕ್ಕೇ ಬರದಂತಾಗುತ್ತದೆ.

ಮಿಲ್ಖಾ ಅವರೇ ನಂತರದ ವರ್ಷಗಳಲ್ಲಿ ಕೊಟ್ಟ ವಿವರಣೆಯು ಓಟದ ಒಳಗಿನದಾಗಿತ್ತು: ಸುಮಾರು 250ನೆಯ ಮೀಟರಿನ ಹತ್ತಿರ, ತಾವು ಅತಿ ವೇಗವಾಗಿ ಹೋಗುತ್ತಿದ್ದೇವೆಂದು ಭಾವಿಸಿ ಅವರು ವೇಗವನ್ನು ತುಸು ತಗ್ಗಿಸಿದರು, ಆ ತಪ್ಪನ್ನು ಮತ್ತೆ ಸರಿಪಡಿಸಿಕೊಳ್ಳಲಾಗಲಿಲ್ಲ. ಈ ಮಾತಿನ ತೂಕ ತಿಳಿಯಬೇಕಾದರೆ 400 ಮೀಟರ್ ಓಟದ ಸ್ವರೂಪವನ್ನು ತಿಳಿಯಬೇಕು. ಈ ದೂರವನ್ನು ಮೊದಲಿನಿಂದ ಕೊನೆಯವರೆಗೂ ಪೂರ್ಣ ವೇಗದಲ್ಲಿ ಓಡಲು ಮನುಷ್ಯನ ದೇಹಕ್ಕೆ ಸಾಧ್ಯವಿಲ್ಲ. ಸ್ನಾಯುಗಳಲ್ಲಿ ಸಿದ್ಧವಾಗಿರುವ ಶಕ್ತಿಯು ಕೆಲವೇ ಸೆಕೆಂಡುಗಳಲ್ಲಿ ತೀರಿದ ಮೇಲೆ, ದೇಹವು ಸಾಕಷ್ಟು ಆಮ್ಲಜನಕದ ನೆರವಿಲ್ಲದೆಯೇ ಸಕ್ಕರೆಯ ಅಂಶವನ್ನು ಒಡೆದು ಶಕ್ತಿಯನ್ನು ಪಡೆಯತೊಡಗುತ್ತದೆ. ಇದರಿಂದ ಸ್ನಾಯುಗಳಲ್ಲಿ ಆಮ್ಲೀಯತೆ ಏರಿ, ಕೊನೆಯ ನೂರು ಮೀಟರಿನಲ್ಲಿ ಓಟಗಾರರೆಲ್ಲರೂ ನಿಧಾನವಾಗುತ್ತಾರೆ. ಕೊನೆಯಲ್ಲಿ ಒಬ್ಬ ಓಟಗಾರ ಉಳಿದವರನ್ನು ಹಿಂದಿಕ್ಕಿ ಮುನ್ನುಗ್ಗುವಂತೆ ಕಂಡರೆ, ಅವನ ವೇಗ ಉಳಿದವರಷ್ಟು ಕುಸಿದಿಲ್ಲವೆಂದೇ ಅದರ ಅರ್ಥ. ಹೀಗಾಗಿ ಶಕ್ತಿಯನ್ನು ಎಲ್ಲಿ, ಎಷ್ಟು ವೆಚ್ಚ ಮಾಡಬೇಕೆಂಬ ಲೆಕ್ಕಾಚಾರವೇ ಈ ಓಟದ ಜೀವಾಳ.

ಈ ಲೆಕ್ಕಾಚಾರವನ್ನು ಇನ್ನಷ್ಟು ಕಠಿಣಗೊಳಿಸುವುದು ಓಟದ ಪಥಗಳ ವ್ಯವಸ್ಥೆ. ಟ್ರ್ಯಾಕಿನ ತಿರುವಿನಲ್ಲಿ ಹೊರಗಿನ ಪಥ ಒಳಗಿನದಕ್ಕಿಂತ ಉದ್ದವಾಗಿರುವುದರಿಂದ, ಎಲ್ಲರಿಗೂ ದೂರ ಸಮನಾಗುವಂತೆ ಹೊರಪಥದವರನ್ನು ಮುಂದಿಟ್ಟು ಓಟವನ್ನು ಆರಂಭಿಸಲಾಗುತ್ತದೆ. ಇದಕ್ಕೆ ‘ಸ್ಟ್ಯಾಗರ್’ ಎಂದು ಹೆಸರು. ಇದರ ಪರಿಣಾಮವಾಗಿ ಹೊರಪಥದ ಓಟಗಾರನಿಗೆ ಒಳಪಥದ ಪ್ರತಿಸ್ಪರ್ಧಿಗಳು ಬಹುದೂರದವರೆಗೆ ಕಾಣಿಸುವುದೇ ಇಲ್ಲ. ಆರು ಮಂದಿಯ ಅಂತಿಮ ಓಟದಲ್ಲಿ ಐದನೆಯ ಪಥದಲ್ಲಿದ್ದ ಮಿಲ್ಖಾ, ಬಹುಪಾಲು ಪ್ರತಿಸ್ಪರ್ಧಿಗಳನ್ನು ಕಾಣದೆಯೇ ತಮ್ಮ ವೇಗವನ್ನು ಅಂದಾಜು ಮಾಡಬೇಕಾಗಿತ್ತು. ಕಾಣದವರ ಎದುರು, ಕ್ಷಣಾರ್ಧದಲ್ಲಿ, ತನ್ನ ದೇಹವನ್ನಷ್ಟೇ ನಂಬಿ ಕೈಗೊಂಡ ಒಂದು ನಿರ್ಧಾರ ಮತ್ತು ಅದರ ಬೆಲೆ: ನಾಟಕಕ್ಕೆ ಬೇಕಾದ ಬಿಕ್ಕಟ್ಟು ಟ್ರ್ಯಾಕಿನ ಮೇಲೆಯೇ ಇತ್ತು. ಸೂತ್ರವು ಅದನ್ನು ಬದಿಗೊತ್ತಿ, ಕುದುರೆ ಸವಾರರು ಬೆನ್ನಟ್ಟುವ ದುಃಸ್ವಪ್ನವನ್ನು ಆ ಜಾಗದಲ್ಲಿ ಕೂರಿಸಿತು. ನಿಧಾನಗತಿಯ ಚಿತ್ರೀಕರಣವು ಈ ಮರೆವಿಗೆ ತಾಂತ್ರಿಕ ನೆರವು ನೀಡುತ್ತದೆ, ಏಕೆಂದರೆ ತೆರೆಯ ಮೇಲೆ ಕಾಲವನ್ನು ಮನಬಂದಂತೆ ಹಿಗ್ಗಿಸಿದಾಗ ಯಾರು ಎಲ್ಲಿ ವೇಗ ಕಳೆದುಕೊಂಡರೆಂಬುದು ಪ್ರೇಕ್ಷಕನ ಅಳತೆಗೆ ಸಿಗುವುದೇ ಇಲ್ಲ.

ಮುಖವಿಲ್ಲದ ಎದುರಾಳಿಗಳು

ಸೂತ್ರದ ಎರಡನೆಯ ಕೊರತೆ ಪ್ರತಿಸ್ಪರ್ಧಿಗಳ ಚಿತ್ರಣದಲ್ಲಿದೆ. ನಾಯಕನ ಸಂಘರ್ಷ ತನ್ನೊಳಗಿನ ಗಾಯದೊಡನೆ ಎಂದು ಒಮ್ಮೆ ತೀರ್ಮಾನವಾದ ಮೇಲೆ, ಪಕ್ಕದ ಪಥಗಳಲ್ಲಿ ಓಡುವವರು ಅಲಂಕಾರಕ್ಕಷ್ಟೇ ಉಳಿಯುತ್ತಾರೆ. ರೋಮ್‌ನಲ್ಲಿ ಓಡಿದವರ ಬದುಕುಗಳಾದರೋ ಒಂದಕ್ಕಿಂತ ಒಂದು ಕುತೂಹಲಕರವಾಗಿದ್ದವು. ಅಮೆರಿಕದ ವರ್ಣಭೇದದ ದಕ್ಷಿಣದಲ್ಲಿ ಹುಟ್ಟಿದ ಓಟಿಸ್ ಡೇವಿಸ್, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದು, ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಬಿಲ್ ಬೋವರ್‌ಮನ್ ಎಂಬ ತರಬೇತುದಾರರ ಕೈಗೆ ಸಿಕ್ಕಿ ಓಟಕ್ಕೆ ಬಂದದ್ದು ಇಪ್ಪತ್ತೈದು ದಾಟಿದ ವಯಸ್ಸಿನಲ್ಲಿ. ಮಾಲ್ಕಂ ಸ್ಪೆನ್ಸ್ ಪ್ರತಿನಿಧಿಸಿದ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಕ್ಕೆ ರೋಮ್ ನಂತರ 1992ರವರೆಗೂ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತ್ತು. ಇವರ ನಡುವೆ ಓಡಿದವರು ವಸಾಹತುಶಾಹಿಯಿಂದ ಬಿಡುಗಡೆಗೊಂಡು ಇನ್ನೂ ಹದಿಮೂರು ವರ್ಷವಾಗಿದ್ದ ದೇಶದ ಒಬ್ಬ ನಿರಾಶ್ರಿತ. ಆ ಕಾಲದ ಜಗತ್ತಿನ ರಾಜಕಾರಣವೇ ಆ ಆರು ಪಥಗಳಲ್ಲಿ ಸಾಲಾಗಿ ನಿಂತಿತ್ತು.

ಇದೇ ಸ್ಪೆನ್ಸ್ ಅವರನ್ನು ಮಿಲ್ಖಾ ಎರಡು ವರ್ಷ ಮೊದಲು, 1958ರ ಕಾರ್ಡಿಫ್ ಕ್ರೀಡಾಕೂಟದ 440 ಗಜದ ಓಟದಲ್ಲಿ ಸೋಲಿಸಿ, ಇಂದು ಕಾಮನ್‌ವೆಲ್ತ್ ಕ್ರೀಡಾಕೂಟವೆಂದು ಕರೆಯಲಾಗುವ ಕೂಟದ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದಿದ್ದರು. ಆ ಗೆಲುವಿನ ಹಿಂದೆ ಇದ್ದ ಯೋಜನೆಯನ್ನು ಮಿಲ್ಖಾ ಅವರು ಅಮೆರಿಕದ ತರಬೇತುದಾರ ಆರ್ಥರ್ ಹೋವರ್ಡ್ ಅವರಿಗೆ ಸಲ್ಲಿಸಿದ್ದಾರೆ: ಸ್ಪೆನ್ಸ್ ಮೊದಲ ಭಾಗದಲ್ಲಿ ಶಕ್ತಿಯನ್ನು ಉಳಿಸಿಕೊಂಡು ಕೊನೆಯಲ್ಲಿ ನುಗ್ಗುವವರೆಂಬುದನ್ನು ಗಮನಿಸಿದ ಹೋವರ್ಡ್, ಆರಂಭದಿಂದಲೇ ಪೂರ್ಣ ಬಲದಿಂದ ಓಡುವಂತೆ ಸೂಚಿಸಿದ್ದರು. ಕಾರ್ಡಿಫ್‌ನಲ್ಲಿ ವೇಗವನ್ನು ತಗ್ಗಿಸದೆ ಗೆದ್ದ ಓಟಗಾರ ರೋಮ್‌ನಲ್ಲಿ ತುಸು ತಗ್ಗಿಸಿ ಅದೇ ಎದುರಾಳಿಗೆ ಸೋತದ್ದು, ಎರಡು ಓಟಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ, ಯಾವ ಚಿತ್ರಕಥೆಗಾರನೂ ಕಲ್ಪಿಸಿಕೊಳ್ಳಬೇಕಾಗಿಲ್ಲದ ಸಿದ್ಧ ಕಥೆಯಾಗಿತ್ತು. ಸೂತ್ರಕ್ಕೆ ಮಾತ್ರ ಅದು ಬೇಕಾಗಲಿಲ್ಲ, ಏಕೆಂದರೆ ಅಲ್ಲಿ ಗಾಯವಿಲ್ಲ, ಗಡಿಯಿಲ್ಲ. ಇರುವುದು ಬುದ್ಧಿವಂತಿಕೆ ಮಾತ್ರ.

ಅಬ್ದುಲ್ ಖಾಲಿಕ್ ಅವರ ವಿಷಯದಲ್ಲಿ ಈ ಕೊರತೆ ಇನ್ನೂ ಢಾಳಾಗಿ ಕಾಣುತ್ತದೆ. 1954ರ ಮನಿಲಾ ಮತ್ತು 1958ರ ಟೋಕಿಯೊ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ 100 ಮೀಟರ್ ಚಿನ್ನ ಗೆದ್ದ ಖಾಲಿಕ್, ಮಿಲ್ಖಾ ಅವರಂತೆಯೇ ಸೈನ್ಯದಲ್ಲಿದ್ದುಕೊಂಡು ಓಡಿದವರು; 1971ರ ಯುದ್ಧದ ನಂತರ ಭಾರತದಲ್ಲಿ ಯುದ್ಧಕೈದಿಯಾಗಿ ಇದ್ದವರು. ವಿಭಜನೆಯು ಇಬ್ಬರು ಓಟಗಾರರ ಬದುಕನ್ನು ಎರಡು ಬಗೆಯಲ್ಲಿ ಕಲಕಿದ ಕಥೆ ಇಲ್ಲಿತ್ತು. ಚಿತ್ರವು ಒಬ್ಬನ ಗಾಯವನ್ನು ಮೂರು ಗಂಟೆ ಕಾಲ ತೋರಿಸಿ, ಇನ್ನೊಬ್ಬನನ್ನು ಆ ಗಾಯವನ್ನು ಮಾಯಿಸಲು ಸೋಲಲೇಬೇಕಾದ ಆಕೃತಿಯಾಗಿ ಮಾಡಿತು.

ಅಂಕಿಯೂ ಅಂಗಸೌಷ್ಠವವೂ

ಜೀವನ ಚರಿತ್ರೆಯನ್ನು ಆಧರಿಸಿದ ಚಿತ್ರಗಳು ಘಟನೆಗಳನ್ನು ಕೂಡಿಸಿ ಕಳೆಯುವ ಸ್ವಾತಂತ್ರ್ಯವನ್ನು ಪಡೆದಿರುತ್ತವೆಂಬುದು ಒಪ್ಪಿತ ಮಾತು. 1962ರ ಚಿತ್ರವೊಂದರ ಹಾಡನ್ನು ಅದಕ್ಕೂ ಹಿಂದಿನ ಕಾಲದ ಪ್ರಸಂಗದಲ್ಲಿ ಹಾಡಿಸಿದ್ದು ಕ್ಷಮಿಸಬಹುದಾದ ಕಾಲದೋಷ. ಆದರೆ ಓಟದಂಥ ಕ್ರೀಡೆಯಲ್ಲಿ ಅಂಕಿಯೇ ಅಂತಿಮ ಸತ್ಯವಾಗಿರುವುದರಿಂದ, ಅಲ್ಲಿನ ತಪ್ಪು ಕೇವಲ ವಿವರದ ತಪ್ಪಾಗಿ ಉಳಿಯುವುದಿಲ್ಲ. ಚಿತ್ರದಲ್ಲಿ ನಾಯಕನು ಮುರಿಯಬೇಕಾದ ವಿಶ್ವದಾಖಲೆಯೆಂದು ತೋರಿಸುವ 45.9 ಸೆಕೆಂಡು ಆಗಿನ ಒಲಿಂಪಿಕ್ ದಾಖಲೆ ಮಾತ್ರ. ವಿಶ್ವದಾಖಲೆಯನ್ನು ಅಮೆರಿಕದ ಲೂ ಜೋನ್ಸ್ 1956ರಲ್ಲಿಯೇ 45.2 ಸೆಕೆಂಡಿಗೆ ಇಳಿಸಿದ್ದರು. ಈ 0.7 ಸೆಕೆಂಡಿನ ವ್ಯತ್ಯಾಸವೆಂದರೆ ಟ್ರ್ಯಾಕಿನ ಮೇಲೆ ಸುಮಾರು ಆರು ಮೀಟರ್ ದೂರ. ನಾಯಕನನ್ನು ವಿಶ್ವದಾಖಲೆಯ ಒಡೆಯನನ್ನಾಗಿ ಮಾಡುವ ಅವಸರದಲ್ಲಿ, ಜಗತ್ತು ಎಷ್ಟು ಮುಂದಿತ್ತು ಮತ್ತು ಆ ಅಂತರವನ್ನು ಒಬ್ಬ ಭಾರತೀಯ ಎಷ್ಟರಮಟ್ಟಿಗೆ ಕುಗ್ಗಿಸಿದ ಎಂಬ ನಿಜವಾದ ಸಾಧನೆಯನ್ನೇ ಚಿತ್ರವು ಅಳಿಸಿಹಾಕಿತು.

ಸಾಧನೆಗೆ ಹಿಡಿಯುವ ಕಾಲವೂ ಇದೇ ರೀತಿ ಅಳಿಸಿಹೋಗುತ್ತದೆ. ಚಿಕ್ಕ ಚಿಕ್ಕ ದೃಶ್ಯತುಣುಕುಗಳನ್ನು ಸಂಗೀತದ ಮೇಲೆ ಜೋಡಿಸಿ ತಿಂಗಳುಗಳನ್ನು ನಿಮಿಷಗಳಿಗೆ ಇಳಿಸುವ ‘ಮಾಂಟಾಜ್’ ತಂತ್ರವು ತರಬೇತಿಯನ್ನು ಬೆವರಿನ ಪ್ರಮಾಣವಾಗಿ ಮಾತ್ರ ತೋರಿಸಬಲ್ಲುದು: ಟೈರು ಎಳೆಯುವುದು, ಬೆಟ್ಟ ಹತ್ತುವುದು, ಬಕೆಟ್ ತುಂಬುವಷ್ಟು ಬೆವರು ಹಿಂಡುವುದು. ಒಂದೇ ದೂರವನ್ನು ನಿಗದಿತ ವೇಗದಲ್ಲಿ, ನಿಗದಿತ ವಿರಾಮದೊಡನೆ ಮತ್ತೆ ಮತ್ತೆ ಓಡಿ ವೇಗದ ಅಂದಾಜನ್ನು ಮೈಗೂಡಿಸಿಕೊಳ್ಳುವುದು, ವಿಶ್ರಾಂತಿಯೂ ತರಬೇತಿಯ ಅಂಗವೇ ಆಗಿರುವುದು, ವರ್ಷಗಳ ದುಡಿಮೆಗೆ ಅರ್ಧ ಸೆಕೆಂಡಿನ ಲಾಭ ದೊರೆಯುವುದು ಈ ತಂತ್ರದ ಹಿಡಿತಕ್ಕೆ ಸಿಗುವುದಿಲ್ಲ. ನಟನ ದೇಹವೂ ಇದೇ ತರ್ಕಕ್ಕೆ ಒಳಗಾಗಿದೆ. ಫರ್ಹಾನ್ ಅಖ್ತರ್ ಅವರ ಪರಿಶ್ರಮ ಪ್ರಾಮಾಣಿಕವಾದದ್ದೇ. ಆದರೆ ಹಾಲಿಗೂ ಮೊಟ್ಟೆಗೂ ಹಾತೊರೆಯುತ್ತಿದ್ದ 1950ರ ದಶಕದ ಸಿಪಾಯಿಯ ಮೈಮೇಲೆ 2013ರ ಜಿಮ್ಮಿನಲ್ಲಿ ಕಡೆದ ಸ್ನಾಯುಗಳು ಕಾಣಿಸಿಕೊಂಡಾಗ, ಹಸಿವಿನ ಕಥೆಯನ್ನು ದೇಹವೇ ಸುಳ್ಳು ಮಾಡುತ್ತದೆ.

ಈ ದೃಷ್ಟಿಯಿಂದ 1991ರ ತೆಲುಗು ಚಿತ್ರ ‘ಅಶ್ವಿನಿ’ ನೆನಪಿಗೆ ಅರ್ಹವಾದದ್ದು. ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಅವರ ಬದುಕನ್ನು ಆಧರಿಸಿ ಮೌಳಿ ನಿರ್ದೇಶಿಸಿದ ಆ ಚಿತ್ರದಲ್ಲಿ ಮುಖ್ಯ ಪಾತ್ರವನ್ನು ಸ್ವತಃ ಅಶ್ವಿನಿಯವರೇ ವಹಿಸಿದ್ದರು. ವೃತ್ತಿಪರ ನಟಿಯಲ್ಲದ ಓಟಗಾರ್ತಿಯೊಬ್ಬಳು ಓಡುವಾಗ ಆ ಓಟವು ನಟನೆಯಾಗಿರಬೇಕಾಗಿಲ್ಲ ಎಂಬ ಸರಳ ಅನುಕೂಲವನ್ನು ಆ ಪ್ರಯೋಗ ತೋರಿಸಿಕೊಟ್ಟಿತಾದರೂ, ಅದನ್ನು ಮುಂದುವರಿಸಿದವರು ವಿರಳ.

ಸೂತ್ರದ ಹೊರಗಿನ ದಾರಿಗಳು

ಸೂತ್ರವನ್ನು ಮೀರುವುದು ಅಸಾಧ್ಯವೇನಲ್ಲವೆಂಬುದಕ್ಕೆ ಹಿಂದಿಯಲ್ಲಿಯೇ ಸಾಕ್ಷ್ಯಗಳಿವೆ. ‘ಭಾಗ್ ಮಿಲ್ಖಾ ಭಾಗ್’ ಬರುವುದಕ್ಕೆ ಒಂದು ವರ್ಷ ಮೊದಲು ತೆರೆಕಂಡ, ತಿಗ್ಮಾಂಶು ಧೂಲಿಯಾ ನಿರ್ದೇಶನದ ‘ಪಾನ್ ಸಿಂಗ್ ತೋಮರ್’ ಕೂಡ 1950ರ ದಶಕದ ಸೈನಿಕ ಓಟಗಾರನ ಕಥೆಯೇ. 3000 ಮೀಟರ್ ದೂರದಲ್ಲಿ 28 ತಡೆಗಳನ್ನೂ ಏಳು ನೀರಿನ ಗುಂಡಿಗಳನ್ನೂ ದಾಟಬೇಕಾದ ‘ಸ್ಟೀಪಲ್‌ಚೇಸ್’ ಓಟದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದು, ನಿವೃತ್ತಿಯ ನಂತರ ಜಮೀನಿನ ವ್ಯಾಜ್ಯದಿಂದ ಚಂಬಲ್ ಕಣಿವೆಯ ದರೋಡೆಕೋರನಾದ ವ್ಯಕ್ತಿಯನ್ನು ಇರ್ಫಾನ್ ಖಾನ್ ಅಲ್ಲಿ ಅಭಿನಯಿಸಿದರು. ಹೊಟ್ಟೆ ತುಂಬ ಊಟ ಸಿಗುತ್ತದೆಂದು ಕ್ರೀಡಾ ವಿಭಾಗಕ್ಕೆ ಸೇರುವ ಈ ಸಿಪಾಯಿ ಟೋಕಿಯೊ ಏಷ್ಯನ್ ಕ್ರೀಡಾಕೂಟದಲ್ಲಿ ಸೋಲುವುದು ಬಾಲ್ಯದ ನೆನಪಿನಿಂದಲ್ಲ. ಅಂತಿಮ ಓಟಕ್ಕೆ ಮುಂಚೆ ಕೈಗಿತ್ತ ಮುಳ್ಳುಬೂಟು ಅವನಿಗೆ ಅಭ್ಯಾಸವಿಲ್ಲದ ಕಾರಣ. ಸೋಲಿಗೆ ಹೊಣೆಗಾರಿಕೆಯ ಪ್ರಶ್ನೆ ಇಲ್ಲಿ ವ್ಯಕ್ತಿಯ ಮನಸ್ಸಿನಿಂದ ವ್ಯವಸ್ಥೆಯ ಕಡೆಗೆ ತಿರುಗುತ್ತದೆ. ಪದಕಗಳು ಪೊಲೀಸ್ ಠಾಣೆಯಲ್ಲಿ ಕಿಮ್ಮತ್ತಿಲ್ಲದ ಲೋಹವಾಗುವ ಪ್ರಸಂಗವು ಆ ಪ್ರಶ್ನೆಯನ್ನು ಇನ್ನೂ ಹರಿತಗೊಳಿಸುತ್ತದೆ.

ಸೌಮೇಂದ್ರ ಪಾಧಿ ನಿರ್ದೇಶನದ, 2016ರ ‘ಬುಧಿಯಾ ಸಿಂಗ್: ಬಾರ್ನ್ ಟು ರನ್’ ಚಿತ್ರವು ಗುರುವಿನ ಪಾತ್ರವನ್ನೇ ಪ್ರಶ್ನೆಗೆ ಒಡ್ಡುತ್ತದೆ. ನಾಲ್ಕು ವರ್ಷದ ಬಾಲಕ 2006ರ ಮೇ ತಿಂಗಳ ಬಿಸಿಲಿನಲ್ಲಿ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿದ ನೈಜ ಘಟನೆಯನ್ನು ಆಧರಿಸಿದ ಈ ಚಿತ್ರದಲ್ಲಿ, ಮನೋಜ್ ಬಾಜಪೇಯಿ ವಹಿಸಿದ ತರಬೇತುದಾರನು ರಕ್ಷಕನೋ ಶೋಷಕನೋ ಎಂಬುದನ್ನು ಚಿತ್ರ ಕೊನೆಯವರೆಗೂ ತೀರ್ಮಾನಿಸುವುದಿಲ್ಲ. ಬಿರುಸಾದ ಗುರುವಿನ ದಂಡನೆಯನ್ನು ಪ್ರೀತಿಯೆಂದೇ ಒಪ್ಪಿಸಿಬಿಡುವ ಸೂತ್ರದ ಎದುರು, ಮಗುವಿನ ದೇಹದ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಯನ್ನು ತೆರೆದಿಡುವುದೇ ಒಂದು ಸಾಧನೆ.

ಸ್ಫೂರ್ತಿಯ ರಾಜಕಾರಣ

ಸೂತ್ರಬದ್ಧ ಚಿತ್ರಗಳ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತೆಂದರೆ, ಅವು ಸ್ಫೂರ್ತಿ ಕೊಡುತ್ತವೆ, ಆದ್ದರಿಂದ ಅವುಗಳಲ್ಲಿ ತಾಂತ್ರಿಕ ನಿಖರತೆಯನ್ನು ಹುಡುಕುವುದು ಅರಸಿಕತೆ ಎಂಬುದು. ಸ್ಫೂರ್ತಿಯ ಬೆಲೆಯನ್ನು ಅಲ್ಲಗಳೆಯದೆಯೇ, ಅದು ಯಾವ ತಿಳಿವಳಿಕೆಯನ್ನು ಬಿತ್ತುತ್ತದೆ ಎಂದು ಕೇಳಬೇಕಾಗುತ್ತದೆ. ರೋಮ್‌ನಲ್ಲಿ ಮಿಲ್ಖಾ ಸ್ಥಾಪಿಸಿದ 45.73 ಸೆಕೆಂಡಿನ ರಾಷ್ಟ್ರೀಯ ದಾಖಲೆಯನ್ನು ಪರಮ್‌ಜೀತ್ ಸಿಂಗ್ 1998ರಲ್ಲಿ ಕೋಲ್ಕತ್ತದಲ್ಲಿ 45.70 ಸೆಕೆಂಡು ಓಡಿ ಮುರಿಯುವವರೆಗೆ, ಸುಮಾರು 38 ವರ್ಷ, ಯಾರಿಗೂ ಅದನ್ನು ದಾಟಲಾಗಲಿಲ್ಲ. ಈ ನಡುವೆ ಜಗತ್ತು ಬೂದಿಮಣ್ಣಿನ ಟ್ರ್ಯಾಕಿನಿಂದ ಕೃತಕ ಹಾಸಿಗೆಗೆ ಬದಲಾಗಿತ್ತು. ತರಬೇತಿ, ಆಹಾರ, ಪಾದರಕ್ಷೆಗಳೆಲ್ಲ ಸುಧಾರಿಸಿದ್ದವು. ಗೆಲುವೆಂಬುದು ಛಲದ ಫಲವೆಂದೂ ಸೋಲೆಂಬುದು ಮನಸ್ಸಿನ ಗಾಯವೆಂದೂ ಹೇಳುವ ಸೂತ್ರವನ್ನು ನಂಬಿದರೆ, ಮೂರು ತಲೆಮಾರಿನ ಭಾರತೀಯ ಓಟಗಾರರಲ್ಲಿ ಛಲವೇ ಇರಲಿಲ್ಲವೆಂಬ ಅಸಂಬದ್ಧ ತೀರ್ಮಾನಕ್ಕೆ ಬರಬೇಕಾಗುತ್ತದೆ. ಮೈದಾನ, ತರಬೇತುದಾರ, ವಿದೇಶಿ ಸ್ಪರ್ಧೆಗಳ ಅನುಭವ, ವೈದ್ಯಕೀಯ ನೆರವು ಇವುಗಳನ್ನು ಕುರಿತು ಕ್ರೀಡಾ ಆಡಳಿತವನ್ನು ಕೇಳಬೇಕಾದ ಪ್ರಶ್ನೆಗಳನ್ನು ಸೂತ್ರವು ಓಟಗಾರನ ಎದೆಯೊಳಕ್ಕೆ ತಿರುಗಿಸಿಬಿಡುತ್ತದೆ. ತೆರಿಗೆ ವಿನಾಯಿತಿ ಕೊಟ್ಟ ಸರ್ಕಾರಗಳಿಗೆ ಇದಕ್ಕಿಂತ ಅನುಕೂಲಕರವಾದ ಸ್ಫೂರ್ತಿ ಬೇರೊಂದಿಲ್ಲ.

ಅಲ್ಲದೆ, ಸೂತ್ರವು ತಾನು ಗೌರವಿಸಲು ಹೊರಟ ವ್ಯಕ್ತಿಯನ್ನೇ ಕುಗ್ಗಿಸುತ್ತದೆ. ನೆನಪಿನ ಹೊಡೆತಕ್ಕೆ ಸಿಲುಕಿ ಹಿಂದಿರುಗಿ ನೋಡಿದವನು ಪರಿಸ್ಥಿತಿಯ ಬಲಿಪಶು; ತನ್ನ ದೇಹದ ಲೆಕ್ಕವನ್ನು ತಾನೇ ಮಾಡಿ, ಆ ಲೆಕ್ಕ ಕೂದಲೆಳೆಯಷ್ಟು ತಪ್ಪಿದ್ದನ್ನು ಬದುಕಿನುದ್ದಕ್ಕೂ ಒಪ್ಪಿಕೊಂಡವನು ತನ್ನ ಕಸುಬನ್ನು ಬಲ್ಲ ಕುಶಲಿ. ಮಿಲ್ಖಾ ಸಿಂಗ್ ಅವರಲ್ಲಿ ಈ ಎರಡನೆಯ ವ್ಯಕ್ತಿಯೇ ಹೆಚ್ಚು ದೊಡ್ಡವನು, ಮತ್ತು ಓಡಲು ಹೊರಟಿರುವ ಯುವಜನರಿಗೆ ಹೆಚ್ಚು ಉಪಯುಕ್ತನು. ಏಕೆಂದರೆ ಬಾಲ್ಯದ ಗಾಯವನ್ನು ಯಾರೂ ಅಭ್ಯಾಸ ಮಾಡಲಾರರು, 250ನೆಯ ಮೀಟರಿನಲ್ಲಿ ವೇಗವನ್ನು ಅಳೆಯುವುದನ್ನಾದರೆ ಕಲಿಯಬಹುದು, ಕಲಿಸಲೂಬಹುದು. ಮುಂದಿನ ಓಟದ ಚಿತ್ರವು ಆ ಕಲಿಕೆಯನ್ನು ತನ್ನ ಕಥೆಯ ನಡುವೆ ಇರಿಸಿಕೊಂಡರೆ, ನಾಲ್ಕನೆಯ ಸ್ಥಾನಕ್ಕೆ ನೆಪ ಹುಡುಕುವ ಅಗತ್ಯ ಅದಕ್ಕೆ ಬೀಳುವುದಿಲ್ಲ.